ಬೆಂಗಳೂರಿನ ಮೂವರು ಮತ್ತು ಒಂದು ತಿರುವುಮುರುವು ಗುಣಾಕಾರ

ಹಿರೇಗುಂಟನೂರಿನಲ್ಲಿ ಬಸ್ಸಿಳಿದ ಅಪರಿಚಿತನೊಬ್ಬ ಯಾರದೋ ಮನೆಗೆ ದಾರಿ ಕೇಳುತ್ತಾನೆ ಎಂದುಕೊಳ್ಳಿ. “ನೂರು ಹೆಜ್ಜೆ ಮುಂದಕ್ಕೆ ನಡೆದು ಬಲಕ್ಕೆ ತಿರುಗಿ” ಎನ್ನುತ್ತಾರೆ ಒಬ್ಬರು. “ಬಲಕ್ಕೆ ತಿರುಗಿ ನೂರು ಹೆಜ್ಜೆ ನಡೆಯಿರಿ” ಎನ್ನುತ್ತಾರೆ ಇನ್ನೊಬ್ಬರು. ಎರಡು ಮಾತುಗಳಲ್ಲೂ ಇರುವುದು ಅವೇ ಎರಡು ಕೆಲಸಗಳು: ನಡೆಯುವುದು, ತಿರುಗುವುದು. ಕೊನೆಯಲ್ಲಿ ಅವನ ಮುಖ ಇರುವ ದಿಕ್ಕೂ ಎರಡು ಸಲಕ್ಕೂ ಒಂದೇ. ಆದರೆ ನಿಂತ ಜಾಗ ಮಾತ್ರ ಬೇರೆ ಬೇರೆ. ಒಂದು ಕಡೆ ಹುಡುಕಿದ ಮನೆ ಸಿಕ್ಕೀತು, ಇನ್ನೊಂದು ಕಡೆ ಯಾರದೋ ಕಣ.

ಇದರಲ್ಲಿ ಹಳ್ಳಿಯವರಿಗೆ ಹೊಸದೇನಿಲ್ಲ. ಉತ್ತು ಬಿತ್ತುವುದು ಬೇರೆ, ಬಿತ್ತಿ ಉಳುವುದು ಬೇರೆ ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಷ್ಟವಾದದ್ದು ಗಣಿತಜ್ಞರಿಗೆ. ಮೂರು ನಾಲ್ಕಲ ಎಷ್ಟೋ ನಾಲ್ಕು ಮೂರಲವೂ ಅಷ್ಟೇ ಎಂಬುದನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ ಅವರು, ಗುಣಾಕಾರ ಎಂದ ಮೇಲೆ ಅದು ಹಿಂದುಮುಂದಾದರೂ ಉತ್ತರ ಬದಲಾಗದು ಎಂದು ಶತಮಾನಗಳ ಕಾಲ ನಂಬಿದ್ದರು. ಶಾಲಾ ಪುಸ್ತಕ ಇದನ್ನು ಪರಿವರ್ತನೀಯ ನಿಯಮ ಎನ್ನುತ್ತದೆ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ಹೆಂಡತಿಯೊಡನೆ ನಡೆದುಹೋಗುತ್ತಿದ್ದ ಹ್ಯಾಮಿಲ್ಟನ್, ಆ ನಿಯಮವನ್ನು ಕೈಬಿಟ್ಟರೂ ಒಂದು ಸುಸಂಬದ್ಧವಾದ ಗಣಿತ ಸಾಧ್ಯ ಎಂಬುದನ್ನು ಕಂಡು, ಸಂತೋಷ ತಡೆಯಲಾರದೆ ಸೇತುವೆಯ ಕಲ್ಲಿನ ಮೇಲೆ ಸೂತ್ರವನ್ನು ಕೊರೆದ. ‘ಎ’ಯನ್ನು ‘ಬಿ’ಯಿಂದ ಗುಣಿಸಿದರೆ ಬರುವುದೇ ಒಂದು, ‘ಬಿ’ಯನ್ನು ‘ಎ’ಯಿಂದ ಗುಣಿಸಿದರೆ ಬರುವುದೇ ಇನ್ನೊಂದು. ಇದೇ ಅಪರಿವರ್ತನೀಯ ಬೀಜಗಣಿತ.

ಈ ಬೀಜಗಣಿತಕ್ಕೆ ಕನ್ನಡ ನೆಲದಲ್ಲಿ ಒಂದು ಅಧ್ಯಾಯವಿದೆ. ಅದು ನಡೆದದ್ದು ಬೆಂಗಳೂರಿನಲ್ಲಿ, 1935ರಿಂದ 1946ರವರೆಗಿನ ಹನ್ನೊಂದು ವರ್ಷಗಳಲ್ಲಿ. ಅದರ ಮುಖ್ಯ ಪಾತ್ರಧಾರಿ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾಗಿದ್ದ ಬಿ. ಎಸ್. ಮಾಧವರಾವ್. ಭೌತವಿಜ್ಞಾನದ ಹಳೆಯ ಪ್ರಬಂಧಗಳನ್ನು ತಿರುವಿಹಾಕುವವರಿಗೆ ಪರಿಚಿತವಾದ ಈ ಹೆಸರು ಅವರು ಪಾಠ ಹೇಳಿದ ಊರಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಸಿ. ವಿ. ರಾಮನ್ ಗೊತ್ತು, ಭಾಭಾ ಗೊತ್ತು. ಅವರಿಬ್ಬರೂ ಇದ್ದ ಊರಿನಲ್ಲೇ, ಅದೇ ಕಾಲದಲ್ಲಿ, ಕಾಲೇಜಿನ ಮೇಷ್ಟರೊಬ್ಬರು ಕಾಗದ ಪೆನ್ಸಿಲು ಹಿಡಿದು ಏನು ಮಾಡಿದರು ಎಂಬುದು ಗೊತ್ತಿಲ್ಲ.

ಸೆಂಟ್ರಲ್ ಕಾಲೇಜು ಹುಟ್ಟಿದ್ದು 1858ರಲ್ಲಿ, ಒಂದು ಹೈಸ್ಕೂಲಾಗಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮೈಸೂರಿನ ಮಹಾರಾಜ ಕಾಲೇಜು ಕಲಾ ವಿಷಯಗಳಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನ ವಿಷಯಗಳಿಗೂ ನೆಲೆಯಾದವು. ಮಲ್ಲೇಶ್ವರದ ಆಚೆಗೆ 1909ರಿಂದ ಇದ್ದ ಟಾಟಾ ಇನ್‌ಸ್ಟಿಟ್ಯೂಟ್, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಬೇರೆಯದೇ ಲೋಕ. ಅಲ್ಲಿ ಸಂಶೋಧನೆ, ಇಲ್ಲಿ ಪಾಠ. ಇಲ್ಲಿಯವರಿಗೆ ಬಿ.ಎಸ್‌ಸಿ. ತರಗತಿಗಳು, ಪರೀಕ್ಷೆಗಳು, ಉತ್ತರಪತ್ರಿಕೆಗಳ ಕಟ್ಟುಗಳು. ಸಂಶೋಧನೆ ಮಾಡಬೇಕೆನ್ನುವವರು ಉಳಿದ ಹೊತ್ತಿನಲ್ಲಿ ಮಾಡಬೇಕು.

1933ರಲ್ಲಿ ರಾಮನ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿ ಅದರ ‘ಪ್ರೊಸೀಡಿಂಗ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಈ ಪತ್ರಿಕೆಯ ಮಹತ್ವವನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಊರಿನಲ್ಲೇ ಅಚ್ಚಾಗುವ, ಹೊರಗಿನವರೂ ಓದುವ ಒಂದು ಪತ್ರಿಕೆ ಕೈಗೆ ಎಟುಕುವಂತಿದ್ದರೆ ಕಾಲೇಜಿನ ಅಧ್ಯಾಪಕನಿಗೂ ಬರೆಯುವ ಧೈರ್ಯ ಬರುತ್ತದೆ.

1935ರಲ್ಲಿ ಒಬ್ಬ ಅತಿಥಿ ಬಂದರು. ಮ್ಯಾಕ್ಸ್ ಬಾರ್ನ್, ಯೆಹೂದಿ ಮೂಲದವರಾದ್ದರಿಂದ 1933ರಲ್ಲಿ ಗಟ್ಟಿಂಗೆನ್ನಿನ ಪ್ರಾಧ್ಯಾಪಕ ಪದವಿ ಕಳೆದುಕೊಂಡು ಜರ್ಮನಿ ಬಿಟ್ಟವರು. ಅಪರಿವರ್ತನೀಯ ಬೀಜಗಣಿತ ಭೌತವಿಜ್ಞಾನದ ಒಳಗೆ ಕಾಲಿಟ್ಟದ್ದೇ ಇವರ ಮೂಲಕ. 1925ರ ಬೇಸಿಗೆಯಲ್ಲಿ ಹೈಸೆನ್‌ಬರ್ಗ್ ಎಂಬ ತರುಣ ಒಂದು ಪ್ರಬಂಧ ಬರೆದು ತನ್ನ ಹಿರಿಯರಾದ ಬಾರ್ನ್ ಅವರ ಕೈಗಿಟ್ಟ. ಅದರಲ್ಲಿ ಪರಮಾಣುವಿನ ರಾಶಿಗಳನ್ನು ಗುಣಿಸುವ ಒಂದು ವಿಚಿತ್ರ ಕ್ರಮವಿತ್ತು. ಹಿಂದುಮುಂದು ಮಾಡಿದರೆ ಉತ್ತರ ಬದಲಾಗುತ್ತಿತ್ತು. ಹೈಸೆನ್‌ಬರ್ಗನಿಗೆ ಅದೊಂದು ಇರಿಸುಮುರಿಸು. ಬಾರ್ನ್ ಕೆಲವು ದಿನ ಯೋಚಿಸಿ, ಇದು ತಾವು ವಿದ್ಯಾರ್ಥಿಯಾಗಿದ್ದಾಗ ಬ್ರೆಸ್ಲಾವಿನಲ್ಲಿ ಕಲಿತಿದ್ದ ಮಾತೃಕೆಗಳ ಗುಣಾಕಾರವೇ ಅಲ್ಲವೆ ಎಂದು ಗುರುತಿಸಿದರು. ಸಂಖ್ಯೆಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಚೌಕವಾಗಿ ಜೋಡಿಸಿದರೆ ಮಾತೃಕೆ. ಅಂಥ ಎರಡು ಚೌಕಗಳನ್ನು ಗುಣಿಸುವಾಗ ಯಾವುದು ಮೊದಲು ಎಂಬುದು ಮುಖ್ಯ. ಕಣದ ಸ್ಥಾನವನ್ನೂ ಸಂವೇಗವನ್ನೂ ಮಾತೃಕೆಗಳಾಗಿ ಬರೆದರೆ, ಎರಡು ಕ್ರಮಗಳ ಗುಣಲಬ್ಧಗಳಿಗೆ ಇರುವ ವ್ಯತ್ಯಾಸ ಸೊನ್ನೆಯಲ್ಲ. ಅದು ಪ್ಲಾಂಕನ ನಿಯತಾಂಕದಿಂದ ಬರುವ ಒಂದು ಖಚಿತ ಬೆಲೆ. ಆ ಸೂತ್ರವನ್ನು ಬಾರ್ನ್ ಅವರ ಗೋರಿಯ ಕಲ್ಲಿನ ಮೇಲೆ ಕೆತ್ತಲಾಗಿದೆ. ಹ್ಯಾಮಿಲ್ಟನ್ ಕೊರೆದದ್ದು ಸೇತುವೆಯ ಮೇಲೆ, ಬಾರ್ನ್ ಅವರದು ಸಮಾಧಿಯ ಮೇಲೆ. ಈ ಬೀಜಗಣಿತಕ್ಕೂ ಕಲ್ಲಿಗೂ ಏನೋ ನಂಟು!

ರಾಮನ್ ಕರೆದರೆಂದು ಬಂದ ಬಾರ್ನ್ ಬೆಂಗಳೂರಿನಲ್ಲಿ ಇದ್ದದ್ದು ಸುಮಾರು ಆರು ತಿಂಗಳು, 1936ರ ವಸಂತದವರೆಗೆ. ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ಬಹಳ ಪ್ರಯತ್ನಪಟ್ಟರು. ಅಧ್ಯಾಪಕರ ಸಭೆಯಲ್ಲಿ ಹೊಸದಾಗಿ ಬಂದಿದ್ದ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು, ತನ್ನ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೆಯ ದರ್ಜೆಯ ವಿದೇಶೀಯ ನಮಗೇಕೆ ಎಂಬರ್ಥದ ಮಾತಾಡಿದರು. ಬಾರ್ನ್ ಅದೇ ಸಭೆಯಲ್ಲಿ ಕುಳಿತಿದ್ದರು. ಮನೆಗೆ ಹೋಗಿ ಅತ್ತುಬಿಟ್ಟೆ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ವರ್ಷ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ರಾಮನ್ ಕೂಡ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬೆಂಗಳೂರು ಕಳೆದುಕೊಂಡದ್ದೇನು ಎಂಬ ಈ ಕಥೆಯನ್ನು ಹಲವರು ಬರೆದಿದ್ದಾರೆ. ಬೆಂಗಳೂರಿಗೆ ಉಳಿದದ್ದೇನು ಎಂದು ಕೇಳಿದವರು ಕಡಿಮೆ.

ಉಳಿದದ್ದರಲ್ಲಿ ಒಂದು ಮಾಧವರಾಯರ ಕೆಲಸ. ಬಾರ್ನ್ ಆಗ ತಲೆಕೆಡಿಸಿಕೊಂಡಿದ್ದದ್ದು ಇನ್‌ಫೆಲ್ಡ್ ಜೊತೆ ಸೇರಿ 1934ರಲ್ಲಿ ಪ್ರಕಟಿಸಿದ್ದ ಹೊಸ ವಿದ್ಯುತ್‌ಕಾಂತ ಕ್ಷೇತ್ರ ಸಿದ್ಧಾಂತದ ಬಗ್ಗೆ. 1936ರಲ್ಲಿ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಆ ಸಿದ್ಧಾಂತದ ಕುರಿತು ಮಾಧವರಾಯರ ಪ್ರಬಂಧ ಅಚ್ಚಾಯಿತು. ಕ್ಷೇತ್ರದ ಸಮೀಕರಣಗಳಿಗೆ ಬಿಂದುವಿನ ಬದಲು ಉಂಗುರದ ಆಕಾರದ ವಿಲಕ್ಷಣತೆ ಇರಬಹುದೇ ಎಂಬುದು ಅದರ ಪ್ರಶ್ನೆ. ಅಂದಿನಿಂದ ಮಾಧವರಾಯರ ದಾರಿ ಮೂಲಕಣಗಳ ಗಣಿತದ ಕಡೆಗೆ ಹೊರಳಿತು. ಎರಡನೆಯ ಮಹಾಯುದ್ಧ ಬಂದು ವಿದೇಶೀ ಪತ್ರಿಕೆಗಳು ತಡವಾಗಿ ತಲುಪುತ್ತಿದ್ದ ಕಾಲದಲ್ಲಿ, 1942ರಲ್ಲಿ, ಹೆಚ್ಚಿನ ಸ್ಪಿನ್ ಇರುವ ಕಣಗಳ ಮಾತೃಕೆಗಳು ಪಾಲಿಸಬೇಕಾದ ಗುಣಾಕಾರ ನಿಯಮಗಳನ್ನು ಕುರಿತು ಅವರು ಇನ್ನೊಂದು ಪ್ರಬಂಧ ಬರೆದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ವಿಷಯದ ತಿರುಳು ಇಲ್ಲಿದೆ, ಮತ್ತು ಕೇಳಲು ಹೆದರಿಕೆಯಾಗುವಷ್ಟು ಕಷ್ಟ ಇದರಲ್ಲಿಲ್ಲ. ಎಲೆಕ್ಟ್ರಾನು ತನ್ನಷ್ಟಕ್ಕೆ ತಾನೇ ಬುಗುರಿಯಂತೆ ವರ್ತಿಸುತ್ತದೆ. ಆ ಗುಣಕ್ಕೆ ಸ್ಪಿನ್ ಎಂದು ಹೆಸರು, ಅದರ ಅಳತೆ ಅರ್ಧ. 1928ರಲ್ಲಿ ಡಿರಾಕ್ ಎಲೆಕ್ಟ್ರಾನಿಗೆ ಸಾಪೇಕ್ಷತಾ ಸಿದ್ಧಾಂತಕ್ಕೆ ಒಪ್ಪುವ ಸಮೀಕರಣ ಬರೆದಾಗ ಅವನಿಗೆ ನಾಲ್ಕು ಚಿಹ್ನೆಗಳು ಬೇಕಾದವು. ನಾಲ್ಕು ಅಕ್ಷರಗಳು ಎಂದುಕೊಳ್ಳಿ: ಅ, ಕ, ತ, ಪ. ಗುಣಿಸುವುದೆಂದರೆ ಅಕ್ಷರಗಳನ್ನು ಪಕ್ಕಪಕ್ಕ ಬರೆದು ಪದ ಮಾಡುವುದು. ನಿಯಮಗಳು ಎರಡೇ. ಒಂದು, ಯಾವ ಅಕ್ಷರ ಎರಡು ಸಲ ಒಟ್ಟಿಗೆ ಬಂದರೂ ಅದು ಒಂದು ಎಂಬ ಸಂಖ್ಯೆಗೆ ಸಮ, ಆದ್ದರಿಂದ ಅಳಿಸಿಬಿಡಬಹುದು. ಎರಡು, ಪಕ್ಕದ ಎರಡು ಬೇರೆ ಅಕ್ಷರಗಳನ್ನು ಅದಲುಬದಲು ಮಾಡಿದರೆ ಮುಂದೆ ಒಂದು ಋಣಚಿಹ್ನೆ ಬರುತ್ತದೆ. ‘ಕಅ’ ಎಂದರೆ ಋಣ ‘ಅಕ’. ಈಗ ಎಷ್ಟೇ ಉದ್ದದ ಪದ ಬರೆಯಿರಿ, ಅದಲುಬದಲು ಮಾಡುತ್ತ, ಜೋಡಿಗಳನ್ನು ಅಳಿಸುತ್ತ ಹೋದರೆ ಕೊನೆಗೆ ಪ್ರತಿಯೊಂದು ಅಕ್ಷರವೂ ಹೆಚ್ಚೆಂದರೆ ಒಂದು ಸಲ ಉಳಿಯುತ್ತದೆ. ಪ್ರತಿ ಅಕ್ಷರ ಇದೆಯೋ ಇಲ್ಲವೋ, ಎರಡೇ ಸಾಧ್ಯತೆ. ಎರಡನ್ನು ನಾಲ್ಕು ಸಲ ಗುಣಿಸಿದರೆ ಹದಿನಾರು. ಡಿರಾಕ್ ಬೀಜಗಣಿತದಲ್ಲಿ ಒಟ್ಟು 16 ಸ್ವತಂತ್ರ ಪದಗಳು, ಅಷ್ಟೇ. ಅದನ್ನು ಮಾತೃಕೆಗಳಲ್ಲಿ ಮೂಡಿಸಲು ಇರುವ ಮೂಲ ವಿಧಾನವೂ ಒಂದೇ, ನಾಲ್ಕು ಸಾಲು ನಾಲ್ಕು ಕಂಬದ ಚೌಕ. ನಾಲ್ಕರ ವರ್ಗ ಹದಿನಾರು, ಲೆಕ್ಕ ಸರಿಹೋಯಿತು.

ಮುಂದೆ ಮೇಸಾನ್ ಬಂತು. (ಈ ಪುಟ್ಟ ಹೆಸರನ್ನು 1939ರಲ್ಲಿ ಸೂಚಿಸಿದವರು ಭಾಭಾ, ಅದಕ್ಕೆ ಮುಂಚೆ ‘ಮೆಸೊಟ್ರಾನ್’ ಎನ್ನುತ್ತಿದ್ದರು.) ಮೇಸಾನಿನ ಸ್ಪಿನ್ ಸೊನ್ನೆ ಅಥವಾ ಒಂದು ಇರಬಹುದೆಂದು ಆಗ ಎಣಿಸಿದ್ದರು. ಅದಕ್ಕೆ ಹೊಂದುವ ನಾಲ್ಕು ಅಕ್ಷರಗಳ ಆಟವನ್ನು 1938ರಲ್ಲಿ ಡಫಿನ್, 1939ರಲ್ಲಿ ಕೆಮ್ಮರ್ ರೂಪಿಸಿದರು. ಇಲ್ಲಿ ಎರಡಕ್ಷರದ ಪದಗಳಿಗೆ ನಿಯಮವೇ ಇಲ್ಲ, ಮೂರಕ್ಷರಕ್ಕೆ ಹೋದಾಗ ಮಾತ್ರ ನಿಯಮ ಹಿಡಿತಕ್ಕೆ ಬರುತ್ತದೆ. ಹೀಗೆ ಲಗಾಮು ಸಡಿಲವಾದ್ದರಿಂದ ಪದಗಳ ಸಂಖ್ಯೆ 16ರಿಂದ ಒಮ್ಮೆಲೇ 126ಕ್ಕೆ ಏರಿತು. ಮಾತೃಕೆಗಳೂ ಮೂರು ಬಗೆ: 1, 5 ಮತ್ತು 10 ಸಾಲಿನವು. ಒಂದರ ವರ್ಗ ಒಂದು, ಐದರದು ಇಪ್ಪತ್ತೈದು, ಹತ್ತರದು ನೂರು. ಕೂಡಿದರೆ 126.

ಇನ್ನೂ ಒಂದು ಮೆಟ್ಟಿಲು ಹತ್ತಿದರೆ? ಸ್ಪಿನ್ ಒಂದೂವರೆ ಇರುವ ಕಣಕ್ಕೆ ಯಾವ ಬೀಜಗಣಿತ? ಮಾಧವರಾಯರು ಹಿಡಿದ ಪ್ರಶ್ನೆ ಇದು. ನಿಯಮ ಬರೆಯುವುದೊಂದು ಕೆಲಸ. ಆ ನಿಯಮಕ್ಕೆ ಒಳಪಟ್ಟ ಪದಗಳೆಷ್ಟು, ಅವುಗಳ ಒಳರಚನೆ ಏನು ಎಂದು ಬಿಡಿಸುವುದು ಇನ್ನೊಂದು ಕೆಲಸ. ಎರಡನೆಯದು ಬಹು ತ್ರಾಸದಾಯಕ. ಯಂತ್ರಗಣಕ ಕೈಗೆ ಸಿಗುವ ಕಾಲ ಅದಲ್ಲ. ನಿಯಮವೊಂದರಲ್ಲಿ ಒಂದು ಚಿಹ್ನೆ ತಪ್ಪಿದರೆ ವಾರಗಳ ಲೆಕ್ಕ ನೀರುಪಾಲು.

ಅವರ ಜೊತೆಗೆ ಇನ್ನಿಬ್ಬರು ಸೇರಿದರು: ವಿ. ಆರ್. ತಿರುವೆಂಕಟಾಚಾರ್ ಮತ್ತು ಕೆ. ವೆಂಕಟಾಚಲ ಅಯ್ಯಂಗಾರ್. ಮೂವರ ಹೆಸರಿನಲ್ಲಿ 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪ್ರೊಸೀಡಿಂಗ್ಸ್‌ನಲ್ಲಿ, 187ನೆಯ ಸಂಪುಟದಲ್ಲಿ, ಹದಿಮೂರು ಪುಟಗಳ ಪ್ರಬಂಧ ಪ್ರಕಟವಾಯಿತು. ಒಂದೂವರೆ ಸ್ಪಿನ್ನಿನ ಮೂಲಕಣಗಳ ಬೀಜಗಣಿತವೇ ಅದರ ವಿಷಯ. ಈ ಬೀಜಗಣಿತದಲ್ಲಿ ಸ್ವತಂತ್ರ ಪದಗಳು 672. ಮಾತೃಕೆಗಳು ಮೂರು ಬಗೆ: 4, 16 ಮತ್ತು 20 ಸಾಲಿನವು. ವರ್ಗಗಳು 16, 256, 400; ಮೂರನ್ನೂ ಕೂಡಿಸಿ ನೋಡಿ.

ಆದರೆ ಸ್ವಾರಸ್ಯ ಇರುವುದು 672 ಎಂಬ ದೊಡ್ಡ ಸಂಖ್ಯೆಯಲ್ಲಲ್ಲ. ಅದು 16 ಮತ್ತು 42ರ ಗುಣಲಬ್ಧ ಎಂಬುದರಲ್ಲಿ. ಹದಿನಾರು ಎಂದರೆ ಡಿರಾಕನ ಹಳೆಯ ಬೀಜಗಣಿತ. ಎಂದರೆ ಈ ಗೋಜಲುಗೋಜಲಾದ ಹೊಸ ವ್ಯವಸ್ಥೆಯನ್ನು ಎರಡು ಪದರಗಳಾಗಿ ಸುಲಿಯಬಹುದು. ಒಂದು ಪದರ ಎಲ್ಲರಿಗೂ ಗೊತ್ತಿದ್ದ ಡಿರಾಕನದು, ಇನ್ನೊಂದು ಬರೀ 42 ಪದಗಳ ಸಣ್ಣ ಬೀಜಗಣಿತ. ಆ ಸಣ್ಣದರಲ್ಲಿ 1, 4 ಮತ್ತು 5 ಸಾಲಿನ ಮಾತೃಕೆಗಳಿವೆ. ಪ್ರತಿಯೊಂದನ್ನೂ ನಾಲ್ಕರಿಂದ ಗುಣಿಸಿದರೆ ದೊಡ್ಡದರ 4, 16, 20 ಬರುತ್ತವೆ. ದೊಡ್ಡ ವಾಡೆಯೊಂದರ ನೂರಾರು ಕೋಣೆಗಳ ನಕ್ಷೆ ಹಾಕಲು ಹೊರಟವನಿಗೆ, ಇದು ಒಂದೇ ಮಾದರಿಯ ತೊಟ್ಟಿಯನ್ನು ಮತ್ತೆ ಮತ್ತೆ ಜೋಡಿಸಿ ಕಟ್ಟಿದ್ದು ಎಂದು ಹೊಳೆದಂತೆ ಇದು. ಭೌತವಿಜ್ಞಾನಿಗೆ ಬೇಕಾದದ್ದು ಸಮೀಕರಣ. ಅದರ ಒಳಗಿನ ಅಸ್ತಿಪಂಜರ ಕಾಣಬೇಕಾದರೆ ಬೀಜಗಣಿತಜ್ಞನ ಕಣ್ಣು ಬೇಕು.

ಇದೇ ಸಮಯದಲ್ಲಿ ಇನ್‌ಸ್ಟಿಟ್ಯೂಟಿನಲ್ಲೂ ಇದೇ ಗಾಳಿ ಬೀಸುತ್ತಿತ್ತು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದು ಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದ ಭಾಭಾ ಅಲ್ಲಿದ್ದರು. ಯಾವುದೇ ಸ್ಪಿನ್ನಿನ ಕಣಕ್ಕೂ ಒಂದೇ ಮಾದರಿಯ ಸಮೀಕರಣ ಬರೆಯುವ ಅವರ ಪ್ರಸಿದ್ಧ ಪ್ರಬಂಧ ಹೊರಬಂದದ್ದು 1945ರಲ್ಲಿ; ಮೂವರ ಬೀಜಗಣಿತ ಕೂಡುವುದು ಈ ಸಮೀಕರಣಗಳೊಡನೆಯೇ. 1943ರಲ್ಲಿ ಭಾಭಾ ಅವರ ಬಳಿಗೆ ಅಲಹಾಬಾದಿನಿಂದ ಇಪ್ಪತ್ತರ ತರುಣನೊಬ್ಬ ಬಂದ, ಹೆಸರು ಹರೀಶ್‌ಚಂದ್ರ. ಡಿರಾಕ್ ಮಾತೃಕೆಗಳ ಬೀಜಗಣಿತದ ಮೇಲೆ ಅವನ ಪ್ರಬಂಧ 1945ರಲ್ಲಿ ಬೆಂಗಳೂರಿನ ಪ್ರೊಸೀಡಿಂಗ್ಸ್‌ನಲ್ಲೇ ಅಚ್ಚಾಯಿತು. ಮೇಸಾನ್ ಮಾತೃಕೆಗಳ ಮೇಲಿನದು 1947ರಲ್ಲಿ ಕೇಂಬ್ರಿಜ್‌ನಲ್ಲಿ. ಎರಡೂ ಅಪರಿವರ್ತನೀಯ ಬೀಜಗಣಿತವೇ. ಆಮೇಲೆ ಅವರು ಭೌತವಿಜ್ಞಾನವನ್ನೇ ಬಿಟ್ಟು ಶುದ್ಧ ಗಣಿತಕ್ಕೆ ಹೋಗಿ, ಪ್ರಿನ್ಸ್‌ಟನ್ನಿನಲ್ಲಿ ನೆಲೆಸಿ, ಇಪ್ಪತ್ತನೆಯ ಶತಮಾನದ ಮಹಾಗಣಿತಜ್ಞರಲ್ಲಿ ಒಬ್ಬರೆನಿಸಿದರು.

ಹಾಗಾದರೆ ಮೂವರು ಏನಾದರು? ಹೋಲಿಸಿ ಮರುಗುವುದು ಸುಲಭ, ಅದು ನ್ಯಾಯವಲ್ಲ. ಹರೀಶ್‌ಚಂದ್ರ ಅವರಿಗೆ ಈ ಬೀಜಗಣಿತ ಒಂದು ಬಾಗಿಲಾಯಿತು. ಅದೇ ಬಾಗಿಲ ಬಳಿ ನಿಂತಿದ್ದ ಬೆಂಗಳೂರಿನ ಅಧ್ಯಾಪಕರಿಗೆ ತರಗತಿಯ ಗಂಟೆ ಹೊಡೆಯುತ್ತಿತ್ತು. ಸಂಶೋಧನೆಯನ್ನೇ ಕಸುಬಾಗಿಸಿಕೊಂಡವನ ಜೀವನಕ್ಕೂ ಪಾಠದ ನಡುವೆ ಸಂಶೋಧನೆ ಮಾಡುವವನ ಜೀವನಕ್ಕೂ ಒಂದೇ ಅಳತೆಗೋಲು ಸಲ್ಲದು. ಆದರೂ ಒಂದು ಮಾತು ಹೇಳಲೇಬೇಕು: ರಾಯಲ್ ಸೊಸೈಟಿಯವರೆಗೆ ಮುಟ್ಟಿದ ಒಂದು ತಂಡ ತನ್ನ ಸುತ್ತ ಶಿಷ್ಯರನ್ನು ಕಟ್ಟಿಕೊಂಡು ಬೀಜಗಣಿತದ ಒಂದು ಪೀಠವಾಗಿ ಬೆಳೆಯಲು ಬೇಕಾದದ್ದು ಪ್ರತಿಭೆಯೊಂದೇ ಅಲ್ಲ. ಬಿಡುವು, ಹಣ, ವಿದ್ಯಾರ್ಥಿವೇತನ ಇವೂ ಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ವರ್ಷ ಮುಗಿಯುವುದರೊಳಗೆ ಅದು ಮುಂಬಯಿಗೆ ಹೋಯಿತು. ಆಮೇಲೆ ಗಣಿತದ ತರುಣರು ಮುಖ ಮಾಡಿದ್ದು ಅತ್ತ.

ತಿರುವೆಂಕಟಾಚಾರ್ ದೆಹಲಿಯ ರಕ್ಷಣಾ ವಿಜ್ಞಾನ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಅವರ ಗಣಿತ ಆಘಾತ, ಒತ್ತಡದ ಅಲೆ ಇಂಥ ವಿಷಯಗಳಿಗೆ ತಿರುಗಿತು. ಸ್ವತಂತ್ರ ಭಾರತಕ್ಕೆ ಆಗ ಬೇಕಾಗಿದ್ದದ್ದೂ ಅದೇ. ವೆಂಕಟಾಚಲ ಅಯ್ಯಂಗಾರರದು (ಹುಟ್ಟಿದ್ದು 1908) ಇನ್ನೊಂದು ಬಗೆ. ಪರಿವರ್ತನೀಯವಲ್ಲದ ಪದಗಳ ಲೋಕದಿಂದ ಅವರು ರಾಮಾನುಜನ್ ಅವರ ಲೋಕಕ್ಕೆ ಹೋದರು, ಅಲ್ಲೇ ನೆಲೆ ನಿಂತರು. ರಾಮಾನುಜನ್ ದೀರ್ಘವೃತ್ತೀಯ ಫಲನಗಳನ್ನು ಯಾವ ದಾರಿಯಿಂದ ಕಂಡಿರಬಹುದು ಎಂಬುದನ್ನು ತೀರ ಮೂಲದಿಂದ ಕಟ್ಟಿ ತೋರಿಸುವ ಅವರ ಪುಸ್ತಕವನ್ನು ಮದುರೆ ಕಾಮರಾಜ್ ವಿಶ್ವವಿದ್ಯಾಲಯ 1988ರಲ್ಲಿ ಪ್ರಕಟಿಸಿತು. ಲೇಖಕರಿಗೆ ಆಗ ಎಂಬತ್ತರ ಹತ್ತಿರ. ಸಾಧಾರಣವಾಗಿ ಅಚ್ಚಾದ, ಕೆಲವೇ ಜನರ ಕೈಸೇರಿದ ಪುಸ್ತಕ ಅದು. ಅದನ್ನು ಹುಡುಕಿ ಓದಿದ ಹೊರದೇಶದವರಲ್ಲಿ ನ್ಯೂಜಿಲೆಂಡಿನ ಶಾನ್ ಕೂಪರ್ ಒಬ್ಬರು. ಅವರು ಪರಿಷ್ಕರಿಸಿದ ಆವೃತ್ತಿ 2012ರಲ್ಲಿ ಬಂತು. ಅದಕ್ಕೂ ಮುಂಚೆ, 2009ರ ಜೂನ್ ಮೊದಲ ವಾರ, ಅಯ್ಯಂಗಾರರ ನೆನಪಿನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ಗಣಿತ ಸಮ್ಮೇಳನ ನಡೆಯಿತು. ಹಳೆಯ ಜೊತೆಗಾರನನ್ನೂ ಅವರು ಬಿಟ್ಟಿರಲಿಲ್ಲ: ರಾಮಾನುಜನ್ ಗಣಿತವನ್ನು ಪ್ರಾಥಮಿಕ ಹಂತದಲ್ಲಿ ತಿಳಿಸುವ ಬರಹವೊಂದನ್ನು ತಿರುವೆಂಕಟಾಚಾರ್ ಮತ್ತು ಅವರು ಸೇರಿಯೇ ಬರೆದರು.

ಇನ್ನು ಒಂದೂವರೆ ಸ್ಪಿನ್ನಿನ ಬೀಜಗಣಿತದ ಗತಿ. ಭೌತವಿಜ್ಞಾನ ಅದನ್ನು ಅಷ್ಟಾಗಿ ಬಳಸಿಕೊಳ್ಳಲಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಬೇಕು. ಭಾಭಾ ಮಾದರಿಯ ಸಮೀಕರಣದಲ್ಲಿ ಒಂದೂವರೆ ಸ್ಪಿನ್ನಿಗೆ ಹೋದರೆ ಕಣಕ್ಕೆ ಒಂದಲ್ಲ, ಎರಡು ದ್ರವ್ಯರಾಶಿಗಳು ಬರುತ್ತವೆ, ಒಂದಕ್ಕೆ ಮೂರರ ಅನುಪಾತದಲ್ಲಿ. ನಿಸರ್ಗದಲ್ಲಿ ಅಂಥ ಮೂಲಕಣದ ಜೋಡಿ ಸಿಗಲಿಲ್ಲ. 1964ರಲ್ಲಿ ಸಿಕ್ಕಿದ ಒಮೆಗಾ ಮೈನಸ್ ಕಣದ ಸ್ಪಿನ್ ಒಂದೂವರೆಯೇನೋ ಹೌದು. ಆದರೆ ಅದು ಮೂಲಕಣವಲ್ಲ, ಮೂರು ಕ್ವಾರ್ಕ್‌ಗಳ ಕೂಡುಕುಟುಂಬ. 1970ರ ದಶಕದಲ್ಲಿ ಅಮೆರಿಕದ ಕ್ರಾಜ್‌ಸಿಕ್ ಮತ್ತು ನಿಯೆಟೊ ಎಂಬಿಬ್ಬರು ಭಾಭಾ ಸಮೀಕರಣಗಳನ್ನು ಮತ್ತೆ ಕೈಗೆತ್ತಿಕೊಂಡು ಸರಣಿ ಪ್ರಬಂಧಗಳನ್ನು ಬರೆದರು, 1977ರಲ್ಲಿ ಅವುಗಳ ಇತಿಹಾಸವನ್ನೂ ಬರೆದರು. ಸಮೀಕರಣಕ್ಕೆ ಹೊಂದುವ ಕಣ ಇರಲಿ, ಇಲ್ಲದಿರಲಿ, 672 ಪದಗಳು 16 ಮತ್ತು 42 ಆಗಿ ಒಡೆಯುವುದು ಮಾತ್ರ ಬದಲಾಗುವುದಿಲ್ಲ. ಭೌತವಿಜ್ಞಾನಿಗೂ ಗಣಿತಜ್ಞನಿಗೂ ಇರುವ ವ್ಯತ್ಯಾಸ ಇದು. ಮೊದಲನೆಯವನ ಕೆಲಸವನ್ನು ನಿಸರ್ಗ ತಿರಸ್ಕರಿಸಬಹುದು. ಎರಡನೆಯವನದನ್ನು ಜನ ಮರೆಯಬಹುದು, ಅಷ್ಟೇ.

ಮರೆತದ್ದನ್ನು ಮತ್ತೆ ನೋಡುವುದು ಈಗ ಹಿಂದಿನಷ್ಟು ಕಷ್ಟವಲ್ಲ. ಒಂದು ಕಾಲಕ್ಕೆ ಅಕಾಡೆಮಿಯ ಹಳೆಯ ಪ್ರೊಸೀಡಿಂಗ್ಸ್ ನೋಡಬೇಕೆಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗಿ, ಗ್ರಂಥಾಲಯದವರ ಮನವೊಲಿಸಿ, ಧೂಳು ಕೊಡವಬೇಕಾಗಿತ್ತು. ಈಗ ಅಕಾಡೆಮಿ ತನ್ನ ಹಳೆಯ ಸಂಪುಟಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಹಿರೇಗುಂಟನೂರಿನ ಹೈಸ್ಕೂಲಿನಲ್ಲಿ ಪರಿವರ್ತನೀಯ ನಿಯಮವನ್ನು ಕರಿಹಲಗೆಯ ಮೇಲೆ ಬರೆದ ಮೇಷ್ಟರು ಅದೇ ಸಂಜೆ ಮೊಬೈಲಿನಲ್ಲಿ, ಆ ನಿಯಮ ಇಲ್ಲದ ಲೋಕದಲ್ಲಿ ಸೆಂಟ್ರಲ್ ಕಾಲೇಜಿನ ಇನ್ನೊಬ್ಬ ಮೇಷ್ಟರು ಏನು ಮಾಡಿದರೆಂದು ನೋಡಬಹುದು. ಎ ವಿಭಾಗ, 15ನೆಯ ಸಂಪುಟ, 1942ನೆಯ ಇಸವಿ, ಪುಟ 139.